ಅವ್ವ ಶಾಂತ ಮಾಡಿದ ಕಂಪ್ಯೂಟರ್

ನನ್ನ ಹೆಂಡತಿ ಹಂಸ ದೊಮ್ಮಲೂರಿನವಳು. ಅದು ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಬೆಳೆದ ಮನೆತನ ಅವರದು. ಈಗ ಆ ಹೊಲದ ಮೇಲೆ ಯಾರದೋ ಆಫೀಸು ನಿಂತಿದೆ. ಚಿಕ್ಕಂದಿನಲ್ಲಿ ಅಜ್ಜನ ರೇಡಿಯೊ ಬಿಚ್ಚಿ ಏಟು ತಿಂದವಳು, ಆ ಚಟವನ್ನು ಇವತ್ತಿಗೂ ಬಿಟ್ಟಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಮಿಕ್ಸಿ ಚೆನ್ನಾಗಿಯೇ ಇತ್ತು. ಅದನ್ನೂ ರಿಪೇರಿ ಮಾಡಿದಳು. ಆಮೇಲೆ ಹೊಸದು ತಂದೆವು.

ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆ ಓಡಾಡಿದಂತೆ ವಿಡಿಯೊ ಮಾಡಿಕೊಡುವುದು ಅವಳ ಕೆಲಸ. ಈಚೆಗೆ ಕಂಪನಿ ಬಿಟ್ಟು, ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲೇ ಸ್ವಂತಕ್ಕೆ ಶುರು ಮಾಡಿದ್ದಳು. ಕಲ್ಯಾಣ ನಗರದ ಡಾಕ್ಟರ್ ದಂಪತಿಯ ಮನೆಯೇ ಮೊದಲ ಕೆಲಸ. ವಿಡಿಯೊ ಶನಿವಾರ ಸಂಜೆಯೊಳಗೆ ತಲುಪದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು.

ಇದ್ದ ಹಾಗೇ ಮುಗಿಸಬಹುದಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ! ಬೇಗ ಆಗಲಿ ಎಂದು ಆ ಶನಿವಾರ ಬೆಳಿಗ್ಗೆಯೇ ಮೆಮೊರಿಯ ವೇಗವನ್ನು ಇರಬೇಕಾದ್ದಕ್ಕಿಂತ ಮೇಲಕ್ಕೇರಿಸಿದಳು. ಕಂಪ್ಯೂಟರ್ ಮತ್ತೆ ಏಳಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಕೇಸರಿ ದೀಪವೊಂದು ಉರಿಯುತ್ತಿತ್ತು, ಸ್ಕ್ರೀನ್ ಮಾತ್ರ ಕಪ್ಪು.

ಶಿವಾಜಿನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಲತೀಫ್ ಅವಳ ಕಾಲೇಜಿನ ಗೆಳೆಯ. ಫೋನ್ ಮಾಡಿದಳು.

"ಬೋರ್ಡ್ ಮೇಲಿರೋ ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕು, ಹಳೇ ಸ್ಪೀಡಿಗೆ ಬರತ್ತೆ," ಎಂದ ಅವನು. "ಆಮೇಲೆ ಆನ್ ಮಾಡಿ ಕಾಯ್ಬೇಕು ಮಗಾ. ಮೆಮೊರಿ ಮೊದಲಿಂದ ಹೊಂದ್ಕೊಳ್ಳೋವರೆಗೂ ಸ್ಕ್ರೀನ್ ಕಪ್ಪಗೇ ಇರತ್ತೆ. ಮಧ್ಯದಲ್ಲಿ ಆಫ್ ಮಾಡಿದ್ರೆ ಮತ್ತೆ ಮೊದಲಿಂದ. ಎದುರಿಗೆ ಕೂತ್ರೆ ನೀನು ಮುಟ್ಟದೇ ಇರಲ್ಲ, ಎದ್ದು ಹೋಗು."

ಹಂಸ ಹಾಗೇ ಮಾಡಿ, ಸಾರಿಗೆ ತರಕಾರಿ ಹೆಚ್ಚಲು ಹೋದಳು. ಬಂದು ನೋಡಿದರೆ ಕಂಪ್ಯೂಟರ್ ಪೂರ್ತಿ ಆಫ್. ಮತ್ತೆ ಆನ್ ಮಾಡಿ ಬಟ್ಟೆ ಒಣಹಾಕಲು ಟೆರೇಸಿಗೆ ಹೋದಳು. ಬಂದರೆ ಮತ್ತೆ ಆಫ್. ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ತೆಗೆದು ನೋಡಿದಳು, ಅದಲುಬದಲು ಮಾಡಿ ನೋಡಿದಳು. ಅದೇ ಹಣೆಬರಹ. ಕಡೆಗೆ ಬೇರೆ ಮೆಮೊರಿ ತರಲು ನನ್ನನ್ನು ಲತೀಫನ ಅಂಗಡಿಗೆ ಓಡಿಸಿದಳು.

ನಾನು ವಾಪಸ್ ಬಂದಾಗ ಹಂಸ ನೆಲದ ಮೇಲೆ ಕೂತು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಕಂಡದ್ದೇ ಕಡಿಮೆ.

"ಬೋರ್ಡೇ ಸುಟ್ಟೋಗಿದೆ ಕಣೋ ಕೇದಾರ್, ತಾನಾಗೇ ಆಫ್ ಆಗ್ತಿದೆ. ಮೊದಲ್ನೇ ಕೆಲಸಾನ ಕೈಯಾರೆ ಹಾಳ್ಮಾಡ್ಕೊಂಡೆ."

ಕಲಬುರಗಿ ಕಡೆಯಿಂದ ಬಂದು ಈಗ ನಮ್ಮ ಜೊತೆಗೇ ಇರುವ ನನ್ನ ಅವ್ವ ಸಂಗಮ್ಮ ಅವಳ ಬೆನ್ನು ಸವರುತ್ತಿದ್ದಳು. "ಅಳಬ್ಯಾಡ ನಮ್ಮವ್ವ. ನೀ ಎದ್ದು ಹೋದಾಗೆಲ್ಲ ನಾ ಶಾಂತ ಮಾಡೀನಿ."

"ಬೆಳಗ್ಗಿಂದ ಅತ್ತೆ ಶಾಂತಿ ಮಾಡ್ತಾನೇ ಇದ್ದಾರೆ," ಎಂದು ಹಂಸ ಮೂಗೊರೆಸಿಕೊಂಡಳು. "ನೋಡು, ಪೆಟ್ಟಿಗೆಗೆ ವಿಭೂತೀನೂ ಹಚ್ಚಿದ್ದಾರೆ. ದೇವ್ರೂ ಕೇಳ್ತಿಲ್ಲ."

ಅವ್ವನ ಮಾತಿನ ಅರ್ಥ ನನಗೆ ತಟ್ಟನೆ ಹೊಳೆಯಿತು. ನಮ್ಮ ಮನೆಯಲ್ಲಿ ದೀಪ 'ಆರಿಸು' ಎನ್ನುವುದಿಲ್ಲ, ಅದು ಅಪಶಕುನದ ಮಾತು. 'ಶಾಂತ ಮಾಡು' ಎನ್ನುತ್ತೇವೆ. ಅವ್ವನಿಗೆ ಟ್ಯೂಬ್‌ಲೈಟೂ ದೀಪವೇ.

"ಅವ್ವ, ಏನು ಶಾಂತ ಮಾಡಿದಿ?"

"ಆ ಪೆಟ್ಟಿಗ್ಯಾಗಿನ ದೀಪ. ಟೀವಿ ಕಪ್ಪಗಿತ್ತು, ನೋಡವ್ರು ಯಾರೂ ಇದ್ದಿಲ್ಲ. ಸುಮ್ಮ ಯಾಕ ಉರೀಬೇಕು? ದೊಡ್ಡ ಗುಂಡಿ ಒತ್ತಿ ಹಿಡೀರಿ ಅಂತ ಈಕೀನೇ ಕಲಿಸ್ಯಾಳ."

ಹಂಸಳ ಅಳು ಗಕ್ಕನೆ ನಿಂತಿತು. "ಅತ್ತೆ! ಆಗ್ಲೇ ನಿಮಗೆ ತಿಳೀಲಿ ಅಂತ 'ಆಫ್' ಅನ್ನದೆ ಕನ್ನಡದಲ್ಲೇ ಕೇಳಿದ್ನಲ್ಲ, ನೀವು ಆರಿಸಿದ್ರಾ ಅಂತ? ಇಲ್ಲ ಅಂದ್ರಿ!"

"ಬಿಡ್ತು ಅನ್ನವಾ! ನಾ ಯಾಕ ಆರಸ್ಲಿ?"

ನಾನು ನಗು ತಡೆಯಲಾರದೆ ಬಾಗಿಲು ಹಿಡಿದುಕೊಂಡೆ. ಹಂಸ ನನ್ನನ್ನು ಒಂದು ಸಲ ಗುರಾಯಿಸಿ, ಆಮೇಲೆ ತಾನೂ ನಕ್ಕಳು.

ಮತ್ತೆ ಆನ್ ಮಾಡಿದೆವು. ಸಂಗತಿ ತಿಳಿದ ಅವ್ವ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು, ಒಲೆಯ ಮೇಲಿನ ಹಾಲು ಕಾಯುವವಳ ಹಾಗೆ ಕೂತಳು. ನನ್ನನ್ನೂ ಹತ್ತಿರ ಬಿಡಲಿಲ್ಲ. ಕೇಸರಿ ದೀಪ ಉರಿಯುತ್ತಲೇ ಇತ್ತು. ಕಡೆಗೂ ಸ್ಕ್ರೀನ್ ಬೆಳಗಿತು. ಮಾಡಿದ ಕೆಲಸವೆಲ್ಲ ಇದ್ದಲ್ಲೇ ಇತ್ತು.

"ಈಗ ಸ್ಪೀಡು ಒಂಚೂರೇ ಚೂರು..." ಎಂದಳು ಹಂಸ.

"ಹಂಸಾ!" ಎಂದು ನಾನೂ ಅವ್ವನೂ ಒಟ್ಟಿಗೇ ಕೂಗಿದೆವು.

ಹಳೆಯ ವೇಗದಲ್ಲೇ ವಿಡಿಯೊ ಮುಗಿದು ಬಿಸಿಲಿರುವಾಗಲೇ ಹೋಯಿತು. ಡಾಕ್ಟರಮ್ಮ ತಾನೇ ಫೋನ್ ಮಾಡಿ, ಅಡುಗೆಮನೆಯ ಕಿಟಕಿ ತುಂಬ ಹಿಡಿಸಿತು, ಮುಂದಿನ ಕೆಲಸವೂ ನಿಮ್ಮದೇ ಎಂದರು.

ಹಂಸ ಫೋನ್ ಇಟ್ಟು ಒಳಗೆ ಕೂಗಿದಳು. "ಅತ್ತೆ, ಬನ್ನಿ. ಇವಾಗ ಶಾಂತ ಮಾಡಿ."

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ದೊಡ್ಡ ಗುಂಡಿ ಒತ್ತಿ ಹಿಡಿದಳು. ಹಂಸ ಅವಳ ಭುಜಕ್ಕೆ ತಲೆ ಆನಿಸಿ ನಿಂತಿದ್ದಳು.