ಮಡಿ ಸೀರೆಯ ತಂತಿ

ನಮ್ಮತ್ತೆಯ ಬಲಗೈ ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟಗಿತ್ತು. ಹೊಸದಾಗಿ ಮನೆಗೆ ಬಂದವರು "ಇದೇನಾಯ್ತು ಕೈಗೆ?" ಅಂತ ಕೇಳಿದರೆ, "ಸೊಸೆ ಒನಕೇಲಿ ಹೊಡೆದಳು" ಅಂತ ಅಷ್ಟೇ ಹೇಳುತ್ತಿದ್ದರು. ಬಂದವರು ನನ್ನ ಮುಖ ನೋಡೋರು. ನಾನು ಕಾಫಿ ತರೋ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಡೆದವಳು ನಾನೇ.

ಬೇಲೂರಿನಿಂದ ಅರಸೀಕೆರೆಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಇನ್ನೂ ಲಾಟೀನಿತ್ತು. ಮನೆಯಲ್ಲಿದ್ದವರು ಮೂರೇ ಜನ: ಮಿಡ್ಲ್‌ಸ್ಕೂಲ್ ಮೇಷ್ಟರಾಗಿದ್ದ ನಮ್ಮ ಯಜಮಾನರು, ಅವರ ತಾಯಿ, ನಾನು. ಮಾವನವರು ಹೋಗಿ ಎಷ್ಟೋ ವರ್ಷವಾಗಿತ್ತು. ಅತ್ತೆ ಕೆಂಪು ಸೀರೆಯುಟ್ಟು, ಮಡಿಯಲ್ಲಿ ಅಡಿಗೆ ಮಾಡಿ, ಊಟ ಮುಗಿಯೋವರೆಗೂ ಯಾರನ್ನೂ ಮುಟ್ಟಿಸಿಕೊಳ್ಳದೆ ಇರೋ ಜನ. ಸಿಡುಕು ಸ್ವಭಾವ. ನಾನೇನು ಕಮ್ಮಿಯವಳಲ್ಲ, ನನಗೂ ಮೂಗಿನ ತುದೀಲೇ ಕೋಪ. ಇಬ್ಬರ ನಡುವೆ ಮೇಷ್ಟರು ಪೇಪರು ಅಡ್ಡ ಹಿಡಿದುಕೊಂಡು ಕೂತಿರುತ್ತಿದ್ದರು.

ಮಾರನೆಯ ವರ್ಷ ನಮ್ಮ ಬೀದಿಗೆ ಕರೆಂಟು ಬಂತು. ವೈರಿಂಗ್ ಮಾಡೋಕೆ ಬಂದವನು ನಡುಮನೆಗೊಂದು, ಅಡಿಗೆಮನೆಗೊಂದು ಬಲ್ಬು ಹಾಕಿದ. ಬಚ್ಚಲು ಹಿತ್ತಲಿನ ಆಚೆ ಕೊನೆಯಲ್ಲಿತ್ತು. ಅಲ್ಲಿಗೂ ಒಂದು ದೀಪ ಬೇಕು ಅಂತ ಅಡಿಗೆಮನೆ ಗೋಡೆಯಿಂದ ಬಚ್ಚಲ ಗೋಡೆಗೆ ಒಂದು ಕಬ್ಬಿಣದ ತಂತಿ ಎಳೆದು, ಅದರ ಉದ್ದಕ್ಕೂ ಕರೆಂಟಿನ ವೈರನ್ನು ಕಟ್ಟಿಕೊಂಡು ಹೋದ.

ಕೊನೆಯಲ್ಲಿ ಅರ್ತು ಹಾಕಬೇಕು ಅಂದ. ಆಳುದ್ದ ಗುಂಡಿ ತೋಡಿ, ಅದರಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕಿಕೊಂಡಿರಬೇಕಂತೆ. ನೆಲ ಸದಾ ಹಸಿಯಾಗಿರೋ ಜಾಗ ಬೇಕು. ಅಂಥ ಜಾಗ ನಮ್ಮ ಹಿತ್ತಲಲ್ಲಿ ಒಂದೇ, ಬಾವಿಯ ನೀರು ಹರಿದು ಬರೋ ತುಳಸಿಕಟ್ಟೆಯ ಪಕ್ಕ.

"ತುಳಸಿ ಬುಡಕ್ಕೆ ಉಪ್ಪು ಸುರೀತೀಯೇನಯ್ಯಾ? ಗಿಡ ಒಣಗಿ ಹೋಗಲಿ ಅಂತಲಾ?" ಅಂತ ಅತ್ತೆ ಎದ್ದು ನಿಂತರು.

ಅವನು ವಾದಕ್ಕೆ ನಿಲ್ಲಲಿಲ್ಲ. ಮುಂದಿನ ಜಗಲಿಯ ಕೆಳಗೆ, ಮಳೆಯ ಒಂದು ಹನಿಯೂ ಬೀಳದ ಕಡೆ, ಒಂದು ಕಬ್ಬಿಣದ ಗೂಟ ಹೊಡೆದು ಅದಕ್ಕೇ ಅರ್ತಿನ ತಂತಿ ಸುತ್ತಿದ. "ಸದ್ಯಕ್ಕೆ ಇರಲಿ ಸ್ವಾಮಿ, ಆಮೇಲೆ ನೋಡಿದ್ರಾಯ್ತು" ಅಂದ. ಆ ಆಮೇಲೆ ಅನ್ನೋದು ಬರಲೇ ಇಲ್ಲ.

ಅವತ್ತು ಊಟಕ್ಕೆ ಕೂತಾಗ ನಮ್ಮವರು ಪಾಠ ಶುರುಮಾಡಿದರು. ಅವರಿಗೆ ಮನೆಯಲ್ಲೂ ಪಾಠ ಮಾಡೋ ಚಟ. ಕರೆಂಟು ಎಲ್ಲಾದರೂ ಸೋರಿ ತಂತಿಗೆ ಬಂದರೆ ಈ ಅರ್ತು ಅದನ್ನ ಭೂಮಿಗೆ ಇಳಿಸುತ್ತೆ, ಆಗ ಫ್ಯೂಸು ಹೋಗಿ ಎಲ್ಲ ಆರಿಹೋಗುತ್ತೆ ಅಂದರು. ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಕೈಹಾಕಿ ಎಳೆಯೋಕೆ ಹೋಗಬೇಡಿ, ಎಳೆದವರನ್ನೂ ಅದು ಬಿಡಲ್ಲ, ಒಣಗಿದ ಮರದಿಂದ ತಳ್ಳಬೇಕು ಅಂದರು. ಹಿತ್ತಲ ತಂತಿಯನ್ನಂತೂ ಯಾರೂ ಮುಟ್ಟಕೂಡದು ಅಂತ ಎರಡೆರಡು ಸಲ ಹೇಳಿದರು. ಅತ್ತೆ ಆ ಕೊನೇ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡರು ಅಂತ ಆಮೇಲೆ ಗೊತ್ತಾಯಿತು.

ಅಲ್ಲಿವರೆಗೂ ಅವರ ಮಡಿ ಸೀರೆ ಅಡಿಗೆಮನೆ ಪಕ್ಕದ ಓಣಿಯಲ್ಲಿ, ಸೂರಿಗೆ ನೇತುಹಾಕಿದ ಬಿದಿರ ಗಳದ ಮೇಲೆ ಒಣಗುತ್ತಿತ್ತು. ನಾನು ಓಡಾಡುವಾಗ ತಲೆ ತಗುಲಿದರೆ ಸಾಕು, "ಮುಟ್ಟಿಬಿಟ್ಟೆಯಲ್ಲೇ, ಹಾಳಾದೋಳೇ!" ಅಂತ ಮತ್ತೆ ನೀರಿಗೆ ಹಾಕೋರು. ನನಗೂ ತಲೆ ಚಿಟ್ಟುಹಿಡಿದಿತ್ತು. ಒಂದು ದಿನ ನೋಡಿದರೆ ಕೆಂಪು ಸೀರೆ ಆ ಹಿತ್ತಲ ತಂತಿಯ ಮೇಲಿದೆ. ಕೋಲಿನಿಂದ ಎತ್ತಿ ಹಾಕಿದ್ದಾರೆ.

"ಅಮ್ಮಾ, ಅದನ್ನ ಮುಟ್ಟಬಾರದು ಅಂದಿದ್ನಲ್ಲ!" ಅಂತ ನಮ್ಮವರು ಕೂಗಿಕೊಂಡರು.

"ಅದಕ್ಕೇ ಕಣೋ! ಯಾರೂ ಮುಟ್ಟದೇ ಇರೋ ತಂತಿ ಊರಲ್ಲಿ ಇನ್ನೆಲ್ಲಿದೆ? ಇದಕ್ಕಿಂತ ಮಡಿ ಬೇಕಾ? ನಾನೂ ಮುಟ್ಟಲ್ಲ, ಕೋಲಲ್ಲಿ ಹಾಕ್ತೀನಿ, ಕೋಲಲ್ಲಿ ತೆಗೀತೀನಿ."

ನಮ್ಮವರು ಹೇಳೋಷ್ಟು ಹೇಳಿ ಬಿಟ್ಟರು. ಅವರು ಸ್ಕೂಲಿಗೆ ಹೋಗುತ್ತಿದ್ದ ಹಾಗೇ ಸೀರೆ ತಂತಿಗೇರುತ್ತಿತ್ತು. ಹೀಗೇ ಒಂದೆರಡು ವರ್ಷ ನಡೀತು. ಒದ್ದೆ ಸೀರೆಯ ಭಾರಕ್ಕೆ ತಂತಿ ಜೋತುಬಿತ್ತು. ಬಿಸಿಲಿಗೆ ಸುಟ್ಟು, ಸೀರೆ ಎಳೆದಾಗಲೆಲ್ಲ ಉಜ್ಜಿ, ವೈರಿನ ಮೇಲಿನ ರಬ್ಬರು ಸವೆದಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಅತ್ತೆ, "ಬಟ್ಟೆ ಹರವುವಾಗ ಬೆರಳು ಜುಮ್ಮಂತಿದೆ ಕಣೇ, ವಾಯು" ಅಂದರು. ಶುಂಠಿ ಕಷಾಯ ಕುಡಿದರು. ಸಂಜೆ ಮಡಿ ಬಿಟ್ಟ ಮೇಲೆ ನಾನು ಎಳ್ಳೆಣ್ಣೆ ಬಿಸಿಮಾಡಿ ಕೈಗೆ ತಿಕ್ಕುತ್ತಿದ್ದೆ. ವಾಯು ಬೆಳಿಗ್ಗೆ ಹೊತ್ತು, ಅದೂ ಹಿತ್ತಲಲ್ಲಿ ಮಾತ್ರ ಯಾಕೆ ಬರುತ್ತೆ ಅಂತ ಮೇಷ್ಟರಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ, ನಮ್ಮವರು ಸ್ಕೂಲಿಗೆ ಹೋದ ಮೇಲೆ, ನಾನು ಒಳಗೆ ಅವಲಕ್ಕಿ ಕೇರುತ್ತಿದ್ದೆ. ಹಿತ್ತಲಲ್ಲಿ ಕೋಲು ಬಿದ್ದ ಸದ್ದಾಯಿತು. ಬಾಗಿಲಿಗೆ ಬಂದು ನೋಡಿದೆ. ತಂತಿಗೆ ವೈರು ಕಟ್ಟಿದ್ದ ಕಡೆ ಸೀರೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸೋಕೆ ಅತ್ತೆ ಬಟ್ಟೆ ಒಗೆಯೋ ಕಲ್ಲು ಹತ್ತಿದ್ದಾರೆ. ಒದ್ದೆ ಕಲ್ಲು, ಬರಿಗಾಲು, ಮೈಮೇಲೆ ಒದ್ದೆ ಬಟ್ಟೆ. ಬಲಗೈ ತಂತಿಯನ್ನು ಹಿಡಿದಿದೆ, ಬಿಡುತ್ತಿಲ್ಲ. ಮೈಯೆಲ್ಲ ಅದುರುತ್ತಿದೆ. ಬಾಯಿ ತೆರೆದಿದೆ, ಮಾತಿಲ್ಲ.

"ಅಯ್ಯಯ್ಯೋ ಅತ್ತೆ!" ಅಂತ ಓಡಿದೆ. ಕೈ ಚಾಚಿದವಳು ಹಾಗೇ ನಿಂತೆ. ಮಡಿಯಲ್ಲಿದ್ದಾರೆ, ಮುಟ್ಟಬಾರದು! ಆ ಹೊತ್ತಿನಲ್ಲಿ ಮೊದಲು ತಲೆಗೆ ಬಂದದ್ದು ಅದೇ. ಅಭ್ಯಾಸ ಅಂದರೆ ಹಾಗೆ. ಆಮೇಲೆ ನಮ್ಮವರು ಊಟದ ಹೊತ್ತಲ್ಲಿ ಮಾಡಿದ್ದ ಪಾಠ ನೆನಪಾಯಿತು. ಮೇನ್ ಸ್ವಿಚ್ಚು ಇದ್ದದ್ದು ಮುಂದಿನ ಜಗಲಿಯಲ್ಲಿ, ಅಲ್ಲಿಗೆ ಹೋಗಿ ಬರುವಷ್ಟು ಹೊತ್ತು ಅವರು ಉಳೀತಾರೆ ಅನ್ನೋ ನಂಬಿಕೆ ನನಗಿರಲಿಲ್ಲ. ಬಾಗಿಲ ಮೂಲೆಯಲ್ಲಿ ಒನಕೆ ಒರಗಿತ್ತು. ಕಬ್ಬಿಣದ ಬಳೆಯಿದ್ದ ತುದಿಯನ್ನು ಹಿಂದಕ್ಕೆ ಮಾಡಿ, ನಡುವಿನ ಮರ ಹಿಡಿದು, ಬರೀ ಮರದ ತುದಿಯಿಂದ ಅವರ ಮಣಿಕಟ್ಟಿನ ಹತ್ತಿರ ಬೀಸಿ ಹೊಡೆದೆ. ಬಿಡಲಿಲ್ಲ. ಇನ್ನೊಂದು ಸಲ, ಇದ್ದ ಶಕ್ತಿಯೆಲ್ಲ ಹಾಕಿ. ಮೂಳೆ ಲಟಕ್ಕಂದದ್ದು ಕೇಳಿಸಿತು. ಕೈ ಬಿಟ್ಟಿತು, ಅವರು ಕಲ್ಲಿನಿಂದ ಕೆಳಗೆ ಬಿದ್ದರು.

ಹಿತ್ತಲ ಗೋಡೆಯಾಚೆ ಕೊಬ್ಬರಿ ವ್ಯಾಪಾರದವರ ಮನೆ. ಆ ಮನೆಯಾಕೆ ನನ್ನ ಕೂಗು ಕೇಳಿ ಗೋಡೆ ಮೇಲಿಂದ ಇಣುಕಿದ್ದು ಸರಿಯಾಗಿ ಎರಡನೇ ಏಟಿನ ಹೊತ್ತಿಗೆ. "ಅಯ್ಯೋ ಶಿವನೇ, ಅತ್ತೇನ ಕೊಂದ್ಳಲ್ಲಪ್ಪೋ!" ಅಂತ ಆಕೆ ಬೀದಿಗೆ ಓಡಿದಳು. ನಮ್ಮವರಿಗೆ ಸುದ್ದಿ ಮುಟ್ಟಿದ್ದು ಬೀದಿಯವರ ಬಾಯಿಂದ.

ನಮ್ಮವರು ನನ್ನ ಮಾತು ಕೇಳಿದರು, ನಂಬಿದರು. ಅವತ್ತೇ ಫ್ಯೂಸು ಕಿತ್ತಿಟ್ಟರು. ಜಾವಗಲ್ ಕಡೆಯಿಂದ ಮೂಳೆ ಕಟ್ಟುವವರು ಬಂದು ಬಿದಿರ ದಬ್ಬೆ ಕಟ್ಟಿದರು. ಅತ್ತೆಗೆ ಎಚ್ಚರವಾದಾಗ ಬಾಯಿಂದ ಬಂದ ಮೊದಲ ಮಾತು, "ಕಲ್ಲು ಹತ್ತಿದ್ದು ನೆನಪಿದೆ. ಆಮೇಲೆ ಇವಳು ಒನಕೇಲಿ ಹೊಡೆದದ್ದು ನೆನಪಿದೆ. ನಡುವೆ ಏನೂ ಇಲ್ಲ."

ಬೇಕಂತ ಹೇಳಿದ್ದಲ್ಲ ಅದು. ಅವರ ಪಾಲಿಗೆ ನಡೆದದ್ದೇ ಅಷ್ಟು. ನೋಡೋಕೆ ಬಂದವರಿಗೆಲ್ಲ ಅದನ್ನೇ ಹೇಳಿದರು. ಅಂಗೈಯಲ್ಲಿ ತಂತಿಯಗಲ ಸುಟ್ಟ ಗೆರೆ ಇತ್ತು. ಬೀದಿಯವರು ಉಪ್ಪುಖಾರ ಹಚ್ಚಿ, ಸೊಸೆ ಕಾದ ಸೌಟಿನಿಂದ ಬರೆ ಹಾಕಿದಳಂತೆ ಅಂತಲೂ ಸೇರಿಸಿದರು. ಬೇಲೂರಿಂದ ನಮ್ಮಣ್ಣ ಬಸ್ಸು ಹತ್ತಿ ಬಂದ. "ನಡಿಯೇ ಮನೆಗೆ" ಅಂದ. "ಈಗ ಹೊರಟರೆ ಹೊಡೆದದ್ದಕ್ಕೇ ಓಡಿಹೋದಳು ಅಂತಾರೆ, ಬರಲ್ಲ" ಅಂದೆ. ಊರವರ ಮಾತಿಗೆ ನನ್ನ ಮೈ ಉರೀತಿತ್ತು ನಿಜ. ಆದರೆ ಅತ್ತೆ ನನ್ನ ಕೈಯಿಂದ ಒಂದು ತುತ್ತೂ ತಗೊಳ್ಳದೆ ಮಗನ ಕೈಯಲ್ಲೇ ಉಣ್ಣುತ್ತಿದ್ದರಲ್ಲ, ಅದಕ್ಕೆ ಅಡಿಗೆಮನೆಯಲ್ಲಿ ಕೂತು ಅತ್ತಿದ್ದೀನಿ.

ವೈರಿಂಗಿನವನು ತಿಪಟೂರು ಕಡೆ ಕೆಲಸಕ್ಕೆ ಹೋಗಿದ್ದವನು ಕೊನೆಗೂ ಬಂದ. ಜಗಲಿ ಕೆಳಗಿನ ಗೂಟವನ್ನು ಎರಡು ಬೆರಳಲ್ಲಿ ಎಳೆದ, ಕಿತ್ತುಕೊಂಡು ಬಂತು. ಒಣ ಧೂಳು. ಅಲ್ಲಿಂದ ಭೂಮಿಗೆ ಏನೂ ಇಳಿದಿರಲಿಲ್ಲ, ಅದಕ್ಕೇ ಫ್ಯೂಸೂ ಹೋಗಿರಲಿಲ್ಲ. ಅವನು ತಲೆಯೆತ್ತಲಿಲ್ಲ. ನಮ್ಮವರು, "ನಮ್ಮಮ್ಮನಿಗೆ ಕಾಣೋ ಹಾಗೆ ಒಂದು ಸಲ ತೋರಿಸಿಬಿಡಪ್ಪ" ಅಂದರು.

ಅತ್ತೆಯನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದೆವು. ಅವನು ಒಂದು ಬಲ್ಬಿಗೆ ಎರಡು ವೈರು ಸಿಕ್ಕಿಸಿ, ಒಂದನ್ನು ಸೀರೆಯ ತಂತಿಗೆ ಕಟ್ಟಿದ. ಇನ್ನೊಂದನ್ನು ತಾಮ್ರದ ಕೊಡದ ಕುತ್ತಿಗೆಗೆ ಸುತ್ತಿ ಬಾವಿಗೆ ಇಳಿಬಿಟ್ಟ. ಎಲ್ಲರನ್ನೂ ದೂರ ನಿಲ್ಲಿಸಿ ಫ್ಯೂಸು ಹಾಕಿಸಿದ. ಹಾಡಹಗಲಲ್ಲಿ, ಹಿತ್ತಲ ನಡುವೆ ಬಲ್ಬು ಹತ್ತಿಕೊಂಡಿತು. ಗೋಡೆಯಾಚೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅತ್ತೆ ಆ ದೀಪವನ್ನು ನೋಡಿದರು, ತಮ್ಮ ಅಂಗೈ ನೋಡಿಕೊಂಡರು. "ಆರಿಸಪ್ಪ ಅದನ್ನ" ಅಂದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಹಸಿವಾಗ್ತಿದೆ ಕಣೇ, ಅನ್ನ ಕಲಸ್ಕೊಂಡು ಬಾ" ಅಂದರು. ನಾನು ತುತ್ತು ಮಾಡಿ ತಿನ್ನಿಸುತ್ತಿದ್ದಾಗ ತುಳಸಿಕಟ್ಟೆ ಪಕ್ಕಕ್ಕೆ ಎಡಗೈ ತೋರಿಸಿ ಅವನಿಗೆ ಹೇಳಿದರು: "ಅಲ್ಲೇ ಅಗಿ."

ಗುಂಡಿ ಆಯಿತು, ಪೈಪು ಇಳಿಯಿತು, ಇದ್ದಿಲು ಉಪ್ಪು ತುಂಬಿತು. ಬಚ್ಚಲಿಗೆ ಹೊಸ ವೈರು ಎತ್ತರದಲ್ಲಿ ಹೋಯಿತು. ಮಡಿ ಸೀರೆ ಮತ್ತೆ ಓಣಿಯ ಗಳಕ್ಕೆ ಬಂತು, ನನ್ನ ತಲೆ ತಗುಲೋದೂ ಬೈಸಿಕೊಳ್ಳೋದೂ ಮೊದಲಿನ ಹಾಗೇ ನಡೆಯಿತು. ದಿನಾ ಬೆಳಿಗ್ಗೆ ಅತ್ತೆ ತುಳಸಿಗೆ ಒಂದು ಚೊಂಬು, ಗುಂಡಿಗೆ ಒಂದು ಚೊಂಬು ನೀರು ಹಾಕುತ್ತಿದ್ದರು.

ಮೊದಲ ಬೇಸಿಗೆ ಮುಗಿಯೋದರೊಳಗೆ ತುಳಸಿ ಒಣಗಿತು. ಅವರು ಮೊದಲೇ ಹೇಳಿದ್ದ ಹಾಗೇ ಆಯಿತು. ಇನ್ನು ನನ್ನ ಗತಿ ಮುಗೀತು ಅಂದುಕೊಂಡೆ. ಅವರು ಕಡ್ಡಿಯಾದ ಗಿಡ ಕಿತ್ತುಹಾಕಿ, ಬಾವಿಯ ಆ ಕಡೆ ಹೊಸ ಸಸಿ ನೆಡೋಕೆ ಮಣ್ಣು ಕೆದಕುತ್ತಾ ಕೂತರು.

"ಬೇಜಾರಾಯ್ತಾ ಅತ್ತೆ?"

"ತುಳಸಿ ಇನ್ನೊಂದು ಬರುತ್ತೆ ಬಿಡು."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಸೊಸೇನೂ ಇನ್ನೊಬ್ಬಳು ಸಿಗ್ತಿದ್ದಳು" ಅಂದೆ.

ಅವರು ಆ ಸೊಟ್ಟ ಕೈಯಲ್ಲೇ ಹೊಸ ಸಸಿಯ ಬುಡ ಒತ್ತಿದರು. "ಸಿಗ್ತಿದ್ದಳು ಕಣೇ. ಒನಕೆ ಎತ್ತೋಳು ಸಿಗ್ತಿದ್ದಳಾ?"