ರೋಷನಬಿಯ ಪ್ಲಾಸ್ಟಿಕ್ ಬಳೆಗಳು

ಇಂಡಿ ಊರಿನ ಬಜಾರಿನಲ್ಲಿ ದಾರಿ ಹೇಳುವವರಿಗೆ ಎರಡು ಗುರುತುಗಳಿದ್ದವು. ಒಂದು ಶಮಶುದ್ದೀನನ ಸೋಡಾ ಅಂಗಡಿ, ಇನ್ನೊಂದು ಅದರ ಪಕ್ಕದಿಂದ ಕೇಳಿಬರುವ ಬಳೆಗಾರ್ತಿ ರೋಷನಬಿಯ ದನಿ. ಸೋಡಾ ಅಂಗಡಿ ಶುಕ್ರವಾರ ಮುಚ್ಚಿರುತ್ತಿತ್ತು. ದನಿಗೆ ವಾರದ ರಜೆ ಇರಲಿಲ್ಲ.

ಬಳೆ ತೊಡಿಸುವುದರಲ್ಲಿ ಆಕೆಗೆ ಸರಿಸಾಟಿ ತಾಲೂಕಿನಲ್ಲೇ ಇರಲಿಲ್ಲ. ಎಂಥ ದಪ್ಪ ಕೈಯಾದರೂ ಸರಿ, ಹೆಬ್ಬೆರಳಿನ ಬುಡವನ್ನು ಹಿಂಡಿ ಒಳಕ್ಕೆ ಮಡಚಿ, ಕೈಯ ಒಡತಿ ನೋವಿಗೆ ಬಾಯಿ ತೆರೆಯುವಷ್ಟರಲ್ಲಿ ಯಾರದೋ ಮನೆಯ ಜಗಳದ ಕಥೆ ಶುರುಮಾಡಿ, ಕಥೆ ಮುಗಿಯುವಷ್ಟರಲ್ಲಿ ಡಜನ್ ಗಾಜಿನ ಬಳೆ ಏರಿಸಿಬಿಡುತ್ತಿದ್ದಳು. ಹೆಸರಿನಲ್ಲೇ ರೋಷವಿದೆ ಎಂದು ಒಮ್ಮೆ ನಗೆಯಾಡಿದ ಪರಮಾನಂದ ಮಾಸ್ತರರ ಮನೆಯ ಹೆಂಗಸರಿಗೆ ಆಮೇಲೆ ಬಹಳ ದಿನ ಬಣ್ಣಗೆಟ್ಟ ಹಳೆಯ ಬಳೆಗಳೇ ಸಿಕ್ಕವು. ಗಾಜಿನ ಬಳೆ ಬಿಟ್ಟು ಬೇರೆ ಏನನ್ನೂ ಆಕೆ ಮಾರುತ್ತಿರಲಿಲ್ಲ. ಪ್ಲಾಸ್ಟಿಕ್ ಬಳೆ ಇದೆಯೇ ಎಂದು ಕೇಳಿದವರಿಗೆ ಸಿದ್ಧ ಉತ್ತರವಿತ್ತು. ಅದನ್ನು ಮಾರುವುದಕ್ಕಿಂತ ಪ್ಲಾಸ್ಟಿಕ್ ಕೊಡ ಮಾರುವುದು ಮೇಲು, ಅದರಲ್ಲಿ ನೀರಾದರೂ ನಿಲ್ಲುತ್ತದೆ.

ಮದುವೆಯಾದದ್ದು ತೊಂಬತ್ಮೂರರಲ್ಲಿ. ಗಂಡ ಖಲೀಲ ಇಂಡಿಯಿಂದ ಸಿಂದಗಿಗೆ ಟೆಂಪೋ ಓಡಿಸುತ್ತಿದ್ದ. ಅವನದು ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು. ಮುಂದಿನ ಏಳು ವರ್ಷ ರೋಷನಬಿ ಒಂದು ಕೂಸಿಗಾಗಿ ನಡೆಸಿದ ದಂಡಯಾತ್ರೆ ನಾಲ್ಕು ತಾಲೂಕುಗಳಿಗೆ ಹಬ್ಬಿತು, ನಾಲ್ಕರಲ್ಲೂ ಸೋಲಾಯಿತು.

ಮೊದಲ ಬಸಿರು ಇಂಡಿಯಲ್ಲೇ ಹೋಯಿತು. ಮೊದಲನೆಯದು ಹೀಗೆ ಹೋಗುವುದುಂಟು ಎಂದು ಅಲ್ಲಿಯ ಡಾಕ್ಟರರು ಟಾನಿಕ್ ಬರೆದುಕೊಟ್ಟರು. ಎರಡನೆಯದು ಹೋದಾಗ ಸಿಂದಗಿಯ ಡಾಕ್ಟರರು ತಲೆಯ ಮೇಲೆ ಬಳೆಯ ಪೆಟ್ಟಿಗೆ ಹೊತ್ತದ್ದೇ ತಪ್ಪೆಂದರು. ಮೂರನೆಯದಕ್ಕೆ ಪೆಟ್ಟಿಗೆ ಇಳಿಸಿ, ತವರೂರು ಬಸವನ ಬಾಗೇವಾಡಿಗೆ ಹೋಗಿ, ಕಾಲಿನ ಕಡೆ ಇಟ್ಟಿಗೆ ಇಟ್ಟು ಎತ್ತರಿಸಿದ ಮಂಚದ ಮೇಲೆ ಅಲ್ಲಾಡದೆ ಮಲಗಿದಳು. ತಲೆ ಕೆಳಗೆ ಕಾಲು ಮೇಲೆ ಮಾಡಿಕೊಂಡು ಜನರನ್ನು ಬೈಯುವುದು ಎಂಥ ಕಠಿಣ ವಿದ್ಯೆಯೆಂದು ತಿಳಿದದ್ದು ಆಗಲೇ. ವಿದ್ಯೆ ಕೈವಶವಾಯಿತು, ಕೂಸು ಉಳಿಯಲಿಲ್ಲ. ನಾಲ್ಕನೆಯದಕ್ಕೆ ಅತ್ತೆಯ ಕಡೆಯವರು ಮುದ್ದೇಬಿಹಾಳದ ಆಚೆಯ ಹಳ್ಳಿಗೆ ಕರೆದೊಯ್ದು, ಮೈಯ ಶಾಖ ಇಳಿಯಲಿ ಎಂದು ಬೂದಿಬಣ್ಣದ ಪುಡಿ ತಿನ್ನಿಸಿದರು. ನಾಲ್ಕನೇ ತಿಂಗಳಲ್ಲಿ ಕೂಸಿನ ಗುಂಡಿಗೆ ನಿಂತಿತು.

ಕಾರಣ ಹೇಳುವವರಿಗೇನು ಬರ? ಪಪ್ಪಾಯಿ ಎಂದರು, ಗ್ರಹಣ ಎಂದರು, ಟೆಂಪೋದ ಕುಲುಕಾಟ ಎಂದರು. ಹೆಚ್ಚಿನವರು ಆಕೆಯ ಬಾಯಿ ಎಂದರು. ಇಷ್ಟು ಸಿಟ್ಟಿನವಳ ಹೊಟ್ಟೆಯಲ್ಲಿ ಕೂಸು ಹೆದರದೆ ಇದ್ದೀತೇ ಎಂದು ಅವರ ವಾದ. ಇದನ್ನು ಕೇಳಿ ರೋಷನಬಿಗೆ ಬಂದ ಸಿಟ್ಟು ಅವರ ವಾದಕ್ಕೆ ಇನ್ನಷ್ಟು ಪುಷ್ಟಿ ಕೊಟ್ಟಿತು.

ಎರಡು ಸಾವಿರದ ಇಸವಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ ಗುರುಲಿಂಗಪ್ಪನವರ ಸೊಸೆ ಭಾಗ್ಯಜ್ಯೋತಿಗೆ ಕುಬಸ ನಿಶ್ಚಯವಾಯಿತು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ. ಆ ಮನೆಯ ಎಲ್ಲ ಕುಬಸಗಳಿಗೂ ಬಳೆ ತೊಡಿಸಿದ ಕೈ ರೋಷನಬಿಯದು. ಈ ಸಲ ಆಳು ಧೂಳಪ್ಪ ಬಂದ. ಅಂಗಡಿಯಿಂದ ಎರಡು ಮಾರು ದೂರದಲ್ಲಿ, ಓಡಲು ಅನುಕೂಲವಾಗುವಂತೆ ನಿಂತ.

"ಬಳಿ ಅಷ್ಟ ಕೊಡಬೇಕಂತ. ನೀ ಬರೂದು ಬ್ಯಾಡಂತ," ಎಂದ. "ಗುರವ್ವಾರು ಹೇಳ್ಯಾರ."

ಭಾಗ್ಯಜ್ಯೋತಿಯ ಅತ್ತೆ, ಮನೆಯ ಯಜಮಾನಿ ಗುರವ್ವ ತೊಡಿಸಲು ನಾಲ್ಕು ಮಕ್ಕಳ ತಾಯಿಯೊಬ್ಬಳನ್ನು ಗೊತ್ತುಮಾಡಿದ್ದಳು. ರೋಷನಬಿಗೂ ನಾಲ್ಕರ ಲೆಕ್ಕವಿತ್ತು, ಅದು ನಡೆಯುವಂತಿರಲಿಲ್ಲ.

"ನನ್ನ ಬಳಿ ಬೇಕಂದ್ರ ನನ್ನ ಕೈನೂ ಬರ್ತೈತಿ ಅಂತ ಹೇಳು," ಎಂದಳು ರೋಷನಬಿ. "ಕೈ ಬ್ಯಾಡಂದ್ರ ಸಿಂದಗಿಗೆ ಹೋಗ್ರಿ ಅನ್ನು. ಅಲ್ಲಿ ಕೈ ಇಲ್ಲದ ಬಳಿ ಸಿಗತಾವು."

ಸಿಂದಗಿಯಿಂದ ಬಳೆ ಬಂದವು. ನಾಲ್ಕು ಮಕ್ಕಳ ತಾಯಿ ಹೆತ್ತಷ್ಟು ಸುಲಭವಾಗಿ ಬಳೆ ತೊಡಿಸಲಾರದೆ ಅರ್ಧ ಒಡೆದು ಹಾಕಿದಳು. ಮುಂದಿನ ತಿಂಗಳು ಭಾಗ್ಯಜ್ಯೋತಿಯ ಕೂಸು ಹೊಟ್ಟೆಯಲ್ಲೇ ಹೋಯಿತು. ಸುದ್ದಿ ತಿಳಿದಾಗ ಸಂತೋಷಪಡಬೇಕೆಂದು ರೋಷನಬಿ ತಯಾರಾಗಿಯೇ ಕೂತಿದ್ದಳು. ಆಗಲಿಲ್ಲ. ಅಂದು ಬೇಗ ಅಂಗಡಿ ಮುಚ್ಚಿದಳು. ನೆಮ್ಮದಿಯಾಗಿ ಹಗೆ ಸಾಧಿಸಲೂ ಬಿಡದ ಈ ಜನ್ಮದ ಮೇಲೂ ಸಿಟ್ಟು ಬಂತು.

ತಿಂಗಳಿಗೊಮ್ಮೆ ಆಕೆ ಸರಕಿಗಾಗಿ ಸೊಲ್ಲಾಪುರದ ಸಗಟು ಪೇಟೆಗೆ ಹೋಗುತ್ತಿದ್ದಳು. ಅಲ್ಲಿಯ ಬಳೆ ವ್ಯಾಪಾರಿಯ ಹೆಂಡತಿ ಒಂದು ದಿನ, ಬಸ್ಸಿನಿಂದ ಇಳಿಯುವಲ್ಲೇ ಒಬ್ಬ ಡಾಕ್ಟರಬಾಯಿ ಇದ್ದಾಳೆ, ತೋರಿಸು ಎಂದಳು. ಡಾಕ್ಟರಬಾಯಿ ಪಪ್ಪಾಯಿಯ ವಿಷಯ ಕೇಳಲಿಲ್ಲ, ಬಾಯಿಯ ವಿಷಯವನ್ನೂ ಕೇಳಲಿಲ್ಲ. ರಕ್ತ ತೆಗೆದು ಮುಂಬಯಿಗೆ ಕಳಿಸಿದಳು. ಕೆಲವು ವಾರ ಬಿಟ್ಟು ಮತ್ತೊಮ್ಮೆ ಕಳಿಸಿದಳು. ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದಳು: ಮೈ ಕಾಯಬೇಕಾದ ಪಹರೆಯವರೇ ದಾರಿ ತಪ್ಪಿ ಸ್ವಂತ ಮೈಯನ್ನೇ ಹಗೆ ಎಂದುಕೊಂಡಿದ್ದಾರೆ. ಅದರಿಂದ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕೂಸಿಗೆ ಊಟ ಒಯ್ಯುವ ಮಾಸಿನ ಸಣ್ಣ ನಾಳಗಳು ಕಟ್ಟಿಕೊಂಡು ಕೂಸು ಸೋಲುತ್ತದೆ. ಗರ್ಭದಲ್ಲಿ ಯಾವ ದೋಷವೂ ಇಲ್ಲ.

ರೋಷನಬಿ ಅಳಲಿಲ್ಲ.

"ಆ ನಾಲ್ಕೂ ಇದರಿಂದನ ಹೋದವೇನ್ರಿ?"

"ಬಹುಶಃ ಹೌದು," ಎಂದಳು ಡಾಕ್ಟರಬಾಯಿ.

"ಆವಾಗ ಯಾರರ ರಕ್ತ ನೋಡಿದ್ದರ, ಉಳೀತಿದ್ದವೇನ್ರಿ?"

ಡಾಕ್ಟರಬಾಯಿ ಮೇಜಿನ ಮೇಲಿನ ಪೆನ್ನನ್ನು ಸರಿಸಿ ಇಟ್ಟಳು. ಎಲ್ಲವೂ ಉಳಿಯುತ್ತಿದ್ದವೆಂದು ಹೇಳಲಾಗದು, ಕೆಲವು ಉಳಿಯಬಹುದಿತ್ತು ಎಂದಳು.

ಏಳು ವರ್ಷ ಆ ಬಾಗಿಲ ಮುಂದೆಯೇ ಬಸ್ಸಿಳಿದು, ಅದೇ ಗೋಡೆಗೆ ಬಳೆಯ ಪೆಟ್ಟಿಗೆ ಆನಿಸಿ ದಣಿವಾರಿಸಿಕೊಂಡಿದ್ದಳು. ಹೊರಗೆ ಬಂದು ಆ ಗೋಡೆಯನ್ನೇ ನೋಡುತ್ತ ನಿಂತಳು. ಬೈಯಲು ಬಾಯಿ ತೆರೆದಳು. ಗೋಡೆಯನ್ನು ಬೈದು ಏನು ಬಂತು ಎನ್ನಿಸಿ, ಇಂಡಿಗೆ ಬರುವ ಬಸ್ಸಿನ ಕಂಡಕ್ಟರನನ್ನು ಬೈದಳು. ಅವನು ಏನೂ ಮಾಡಿರಲಿಲ್ಲ.

ಐದನೆಯ ಬಸಿರು ನಿಂತದ್ದು ಮರುವರ್ಷ. ದಿನಕ್ಕೊಂದು ಸಣ್ಣ ಗುಳಿಗೆ, ಹೊಟ್ಟೆಯ ಚರ್ಮಕ್ಕೆ ಹೊತ್ತುಹೊತ್ತಿಗೆ ಸೂಜಿ. ಇವು ರಕ್ತವನ್ನು ತೆಳುವಾಗಿ ಇಡುವ ಮದ್ದುಗಳಾದ್ದರಿಂದ ಮೈಗೆ ಗಾಯವಾಗಬಾರದು, ಗಾಯವಾದರೆ ರಕ್ತ ಬೇಗ ನಿಲ್ಲದು. ಗಾಜು ಮುಟ್ಟಲೇಬೇಡ ಎಂದು ಡಾಕ್ಟರಬಾಯಿ ಬಳೆಗಾರ್ತಿಗೆ ಹೇಳಿದಳು. ಮೀನಿಗೆ ನೀರು ಮುಟ್ಟಬೇಡ ಎಂದ ಹಾಗೆ.

ಇಂಡಿಯ ಬಿಸಿಲಿಗೆ ಕೆಡಬಾರದೆಂದು ಸೂಜಿಮದ್ದು ಶಮಶುದ್ದೀನನ ಫ್ರಿಜ್ಜಿನಲ್ಲಿ ಸೋಡಾ ಬಾಟಲಿಗಳ ನಡುವೆ ಕೂತಿತು. ಸೂಜಿ ಹಾಕುವ ಕೆಲಸ ಖಲೀಲನ ಪಾಲಿಗೆ ಬಂತು. ಮೂವತ್ತು ಜನರನ್ನೂ ಅವರ ಆಡುಗಳನ್ನೂ ಒಂದೇ ಟೆಂಪೋದಲ್ಲಿ ತುಂಬಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹೋಗುತ್ತಿದ್ದ ಆ ಮಹಾಶೂರ ಕೂದಲೆಳೆಯಂಥ ಸೂಜಿ ಹಿಡಿದು ಬೆವರಿದ. ಮೊದಲ ದಿನ ಸೂಜಿ ಚುಚ್ಚಿಸಿಕೊಂಡವಳೇ ಚುಚ್ಚಿದವನಿಗೆ ನೀರು ಕುಡಿಸಬೇಕಾಯಿತು. ಹಗಲಲ್ಲಿ ಅಂಗಡಿಯೂ ಅವನದೇ. ಅವನು ಬಳೆ ತೊಡಿಸುವಾಗ ಎದ್ದ ಚೀರಾಟಕ್ಕೆ ಸಂತೆಯ ಎತ್ತುಗಳು ಕಿವಿ ನಿಮಿರಿಸಿದವು. ಹಿಂದೆ ಕುರ್ಚಿಯಲ್ಲಿ ಕೂತು ರೋಷನಬಿ ಸೇನಾಪತಿಯಂತೆ ಅಪ್ಪಣೆ ಕೊಡುತ್ತಿದ್ದಳು: ಹೆಬ್ಬೆರಳು ಒಳಗ, ಗೇರ್ ಹಾಕಿದಂಗ ಎಳೀಬ್ಯಾಡ.

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಗುರವ್ವ ಬಂದಳು. ಧೂಳಪ್ಪನನ್ನು ಕಳಿಸದೆ ತಾನೇ ಬಂದದ್ದನ್ನು ಬಜಾರೆಲ್ಲ ಗಮನಿಸಿತು. ಸೊಸೆಗೆ ಎರಡನೆಯದೂ ಹೋಗಿತ್ತು. ಮಗನಿಗೆ ಬೇರೆ ಹೆಣ್ಣು ನೋಡಿ ಎಂದು ನೆಂಟರಲ್ಲಿ ಮಾತು ಎದ್ದಿತ್ತು. ಗುರವ್ವ ಬಹಳ ಹೊತ್ತು ಬಳೆ ನೋಡಿದಳು, ಬಣ್ಣ ಕೇಳಿದಳು, ಕೊನೆಗೆ ಸೊಲ್ಲಾಪುರದ ಡಾಕ್ಟರಬಾಯಿ ಎಲ್ಲಿರುತ್ತಾಳೆ ಎಂದು ಕೇಳಿದಳು.

ರೋಷನಬಿ ಎರಡು ವರ್ಷ ಈ ಗಳಿಗೆಗಾಗಿ ಬೈಗುಳಗಳನ್ನು ಕೂಡಿಟ್ಟಿದ್ದಳು. ಒಂದೂ ಹೊರಬರಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ, ಬಾಗಿಲು ಯಾವುದು, ಯಾವ ವಾರ ಹೋಗಬೇಕು, ಎಲ್ಲ ಹೇಳಿದಳು. ಎರಡು ಸಲ ಹೇಳಿದಳು. ಆಮೇಲೆ ಅಂದಳು:

"ನನಗ ಕುಬಸದ ಬಳಿ ತೊಡಸವರಿಲ್ರಿ. ನಿಮ್ಮ ಸೊಸಿ ಬಂದು ತೊಡಸಬೇಕು. ಸಂತಿ ದಿನ, ಇಲ್ಲೆ, ಎಲ್ಲಾರ ಮುಂದ."

ಗುರವ್ವನ ಮುಖ ಬಿಳುಪೇರಿತು. "ಎರಡು ಕಳಕೊಂಡಾಕಿ ಅದಾಳ ಆಕಿ. ಆಕಿ ಕೈಲೇನ?"

"ನಾ ನಾಲ್ಕ ಕಳಕೊಂಡೀನಿ. ಲೆಕ್ಕದಾಗ ನಾನ ಹಿರಿಯಾಕಿ."

"ಡಾಕ್ಟರ ತೋರಿಸಿದ್ದಕ್ಕ ಷರತ್ತ ಹಾಕಾಕತ್ತಿ?"

"ಷರತ್ತಲ್ರಿ, ಸಿಟ್ಟು," ಎಂದಳು ರೋಷನಬಿ. "ಷರತ್ತಾಗಿದ್ದರ ಮೊದಲ ಹಾಕತಿದ್ದೆ. ನೀವು ಬರದಿದ್ದರೂ ಡಾಕ್ಟರಬಾಯಿ ಅಲ್ಲೇ ಇರತಾಳ."

ಸಂತೆಯ ದಿನ ಇಡೀ ಬಜಾರು ಬೇರೆ ಬೇರೆ ನೆಪ ಹಿಡಿದು ಬಳೆ ಅಂಗಡಿಯ ಮುಂದೆ ಸೇರಿತು. ಗುರವ್ವ ತಟ್ಟೆಯಲ್ಲಿ ಹಸಿರು ಗಾಜಿನ ಬಳೆ ಹಿಡಿದು ಬಂದಳು, ಬೆಲೆಬಾಳುವಂಥವು. ಎದುರು ಕೂತು ರೋಷನಬಿಯ ಕೈ ಹಿಡಿದ ಭಾಗ್ಯಜ್ಯೋತಿಯ ಬೆರಳು ಗಡಗಡ ನಡುಗುತ್ತಿದ್ದವು. ಆ ಬೆರಳುಗಳನ್ನು ನೋಡಿದ ಯಾವ ಬಳೆಗಾರ್ತಿಗೂ ತಿಳಿಯುತ್ತಿತ್ತು: ಮೂರನೆಯ ಬಳೆ ಒಡೆದು ಕೈ ಕೊಯ್ಯುತ್ತದೆ. ಬಾಗಿಲಲ್ಲಿ ನಿಂತ ಖಲೀಲನ ಹಣೆ ಬೆವರಿತ್ತು.

ರೋಷನಬಿ ಕೈ ಹಿಂದಕ್ಕೆ ಎಳೆದುಕೊಂಡಳು. ಕುರ್ಚಿಯ ಕೆಳಗೆ ಕೈಹಾಕಿ, ಹಿಂದಿನ ದಿನ ಗೈಬುಸಾಬನ ಜಾತ್ರೆ ಸಾಮಾನಿನ ಗಾಡಿಯಿಂದ ಕದ್ದುಮುಚ್ಚಿ ತರಿಸಿದ್ದ ಪೊಟ್ಟಣ ಬಿಚ್ಚಿದಳು. ಹಸಿರು ಪ್ಲಾಸ್ಟಿಕ್ ಬಳೆಗಳು. ಪರಮಾನಂದ ಮಾಸ್ತರರ ಹೆಂಡತಿ ಮೊದಲು ನಕ್ಕಳು, ಬಣ್ಣಗೆಟ್ಟ ಬಳೆಗಳ ಸೇಡು ಅದರಲ್ಲಿತ್ತು. ಆಕೆಯ ಹಿಂದೆ ಎಲ್ಲರೂ ನಕ್ಕರು. ಶಮಶುದ್ದೀನ ಪ್ಲಾಸ್ಟಿಕ್ ಕೊಡದ ಮಾತು ನೆನಪಿಸಿದ.

ರೋಷನಬಿಯ ಕಿವಿ ಕೆಂಪಾದವು. ಆದರೂ ಕೈ ಚಾಚಿಕೊಂಡೇ ಕೂತಳು. "ನಕ್ಕು ಮುಗಿಸ್ರಿ," ಎಂದಳು. "ನಾ ಎಲ್ಲಿಗೂ ಹೋಗಂಗಿಲ್ಲ."

ಭಾಗ್ಯಜ್ಯೋತಿ ಒಂದು ಬಳೆ ಏರಿಸಿದಳು, ಇನ್ನೊಂದು ಏರಿಸಿದಳು. ಬಳೆ ಬಾಗಿದವು, ಜಾರಿದವು, ಮಣಿಕಟ್ಟಿನಲ್ಲಿ ಕೂತವು. ನಡುಕ ನಿಂತಿತು.

"ಇವು ಒಡಿಯಂಗಿಲ್ಲಲ್ಲ ಅಕ್ಕಾ," ಎಂದಳು ಮೆಲ್ಲಗೆ.

"ಅದಕ್ಕ ತರಸೀನಿ. ಒಡದದ್ದು ಸಾಕಾಗೇತಿ."

ತಟ್ಟೆ ಹಿಡಿದ ಗುರವ್ವ ಸೆರಗು ಮುಖಕ್ಕೆ ತಂದುಕೊಂಡಳು. ನಗು ತಾನೇ ನಿಂತಿತು.

ಹೆಣ್ಣುಕೂಸು ಸೊಲ್ಲಾಪುರದಲ್ಲಿ ಒಂದು ತಿಂಗಳು ಮೊದಲೇ ಹುಟ್ಟಿತು. ಅಂಗೈಯಗಲ ಮುಖ, ಊರಗಲ ದನಿ. ಶಾಹಿಸ್ತಾ ಎಂದು ಹೆಸರಿಟ್ಟರು. ಭಾಗ್ಯಜ್ಯೋತಿಯ ರಕ್ತದಲ್ಲಿ ಸಿಕ್ಕದ್ದು ಬೇರೆ ತೊಂದರೆ, ಅದಕ್ಕೆ ಬೇರೆ ಮದ್ದು ನಡೆಯಿತು. ನೆಂಟರ ಮಾತು ತಣ್ಣಗಾಯಿತು.

ರೋಷನಬಿಯ ಕೈಗೆ ಮತ್ತೆ ಗಾಜು ಬಂತು. ಕೂಸು ಬಂದ ಮೇಲೆ ಆಕೆಯ ಸಿಟ್ಟು ಇಳಿದೀತೆಂದು ಕಾದವರಿಗೆ ನಿರಾಸೆಯಾಯಿತು. ಕೂಸು ಹೀಗೂ ಉಳಿಯುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಸಿಟ್ಟಿಗೆ ಹೊಸ ಬಲ ಬಂದಿತ್ತು. ಅಂತೂ ದೇವರು ಕಣ್ಣು ತೆರೆದ ಎಂದವರಿಗೆ, ಅವನು ಮುಚ್ಚಿದ್ದು ಯಾವಾಗ, ಮುಚ್ಚಿಕೊಂಡವರು ನೀವು ಎನ್ನುತ್ತಿದ್ದಳು. ಎರಡು ಬಸಿರು ಕಳೆದುಕೊಂಡ ಸೊಸೆಯನ್ನು ಕರೆತಂದ ಅತ್ತೆಯರನ್ನು ಬಳೆಯ ಅಳತೆ ಕೇಳುವ ಮೊದಲು, ರಕ್ತ ತಪಾಸಣೆ ಆಗಿದೆಯೇ ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ಬಳೆ ಕೊಡುತ್ತಿರಲಿಲ್ಲ. ವ್ಯಾಪಾರ ಸ್ವಲ್ಪ ಕುಗ್ಗಿತು. ಸೊಲ್ಲಾಪುರದ ಬಸ್ಸಿಗೆ ಸ್ವಲ್ಪ ಜನ ಹೆಚ್ಚಾದರು.

ಒಮ್ಮೆ ನಾಲತವಾಡದ ಕಡೆಯ ಹೊಸ ಗಿರಾಕಿಯೊಬ್ಬಳು ಬಳೆ ತೊಡಿಸಿಕೊಳ್ಳುತ್ತ, ತೊಟ್ಟಿಲಲ್ಲಿ ಚೀರುತ್ತಿದ್ದ ಶಾಹಿಸ್ತಾಳನ್ನು ನೋಡಿ ಕೇಳಿದಳು:

"ಇದೊಂದ ಏನಬೇ ಕೂಸು?"

ರೋಷನಬಿ ಹಿಡಿದ ಕೈಯನ್ನು ಬಿಡಲಿಲ್ಲ. "ಐದು," ಎಂದಳು. "ಒಂದು ಇಂಡಿಯೊಳಗ ಹೋತು, ಒಂದು ಸಿಂದಗಿಯೊಳಗ, ಒಂದು ಬಾಗೇವಾಡಿಯೊಳಗ, ಒಂದು ಮುದ್ದೇಬಿಹಾಳದ ಕಡೆ. ಕುಂದರು, ಒಂದೊಂದ ಹೇಳತೇನಿ."

ಗಿರಾಕಿ ಬಸ್ಸಿನ ಹೊತ್ತಾಯಿತು ಎಂದಳು. ಆದರೆ ಹೆಬ್ಬೆರಳು ಒಳಕ್ಕೆ ಮಡಚಿಯಾಗಿತ್ತು.