ಮೇಸ್ತ್ರಿ ನಿಲ್ಲಿಸಿದ ಮಾತು

ನಮ್ಮ ಮೇಸ್ತ್ರಿಯ ಬಲಭುಜ ಎಡಭುಜಕ್ಕಿಂತ ಕೆಳಗೆ ಇಳಿದಿತ್ತು. ಅಂಗಿ ಯಾವಾಗಲೂ ಆ ಕಡೆಗೇ ಜಾರುತ್ತಿತ್ತು. ಎಡಗೈಯಿಂದ ಕಾಲರ್ ಎಳೆದುಕೊಳ್ಳುತ್ತಿದ್ದ, ಎಳೆದುಕೊಳ್ಳುವಾಗಲೆಲ್ಲ ನನ್ನ ಕಡೆ ನೋಡುತ್ತಿದ್ದ. ಆ ಭುಜವನ್ನು ಇಳಿಸಿದವನು ನಾನೇ ಎಂದು ಸಾಯುವವರೆಗೂ ಹೇಳಿಕೊಂಡು ತಿರುಗಿದ ಮನುಷ್ಯ ಅವನು. ಎದುರಿಗೆ ಬಹುವಚನದಲ್ಲಿಯೇ ಮಾತನಾಡಿಸುತ್ತಿದ್ದೆ, ವಯಸ್ಸಿಗೆ ಕೊಡಬೇಕಾದ ಮರ್ಯಾದೆ. ಬರೆಯುವಾಗ ಆ ಕಟ್ಟುಪಾಡಿಲ್ಲ.

ಬಾಶೆಟ್ಟಿಹಳ್ಳಿಯಲ್ಲಿ ನಮ್ಮದು ಫೈಬರ್ ಶೆಡ್ಡು. ನೀರಿನ ತೊಟ್ಟಿ, ಬಸ್ಸಿನ ಸೀಟುಗಳ ನಡುವೆ ಆಗೊಂದು ಈಗೊಂದು ಸಣ್ಣ ಹಾಯಿದೋಣಿಯೂ ತಯಾರಾಗುತ್ತಿತ್ತು. ಸಮುದ್ರ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಆದರೂ ಪ್ರತಿ ದೋಣಿಯ ಹಾಯಿಕಂಬವನ್ನೂ ಅಂಗಳದಲ್ಲಿ ಎಬ್ಬಿಸಿ, ಅದನ್ನು ಬಿಗಿಯುವ ತಂತಿಗಳ ಅಳತೆ ಸರಿಮಾಡಿ, ಮತ್ತೆ ಮಲಗಿಸಿಯೇ ಲಾರಿ ಹತ್ತಿಸಬೇಕು. ಕಂಬದ ಬುಡಕ್ಕೆ ಬಾಗಿಲಿಗಿರುವಂಥ ಕೀಲು. ಮುಂದೆ ನಿಂತು ಹಗ್ಗ ಎಳೆದರೆ ಕಂಬ ಏಳುತ್ತದೆ, ಅದೇ ಹಗ್ಗವನ್ನು ಗೇಣುಗೇಣಾಗಿ ಸಡಿಲಿಸಿದರೆ ಹಿಂದಕ್ಕೆ ಮಲಗುತ್ತದೆ. ಎಬ್ಬಿಸುವ ಮೊದಲು ಮೇಸ್ತ್ರಿ ಮಣ್ಣಿನಲ್ಲೇ ಅಂಗಾತ ಮಲಗಿ ಕರೆಂಟಿನ ತಂತಿ ಎಷ್ಟು ದೂರವಿದೆ ಎಂದು ನೋಡುತ್ತಿದ್ದ. "ಎಬ್ಸೋದು ಯಾವನಿಗಾದ್ರೂ ಬರ್ತದೆ. ಮಲಗ್ಸೋದ್ರಲ್ಲಿ ಇರೋದು ಕಣ್ಲಾ ಕೆಲ್ಸ," ಎನ್ನುತ್ತಿದ್ದ. ಅವನು ಆಡಿದ ಮಾತುಗಳಲ್ಲಿ ಅದೊಂದು ನಿಜ.

ಆ ದಿನ ಕಂಬ ಮಲಗಿಸುವಾಗ ಹಗ್ಗ ನನ್ನ ಕೈಯಲ್ಲಿತ್ತು. ಇಳಿದು ಬರುವ ಕಂಬಕ್ಕೆ ಭುಜ ಕೊಡಲು ಮೇಸ್ತ್ರಿ ಹಿಂದೆ ನಿಂತಿದ್ದ. ಅರ್ಧ ಇಳಿದಿರುವಾಗ ಕಂಬ ಬಿಗಿಯುವ ಪಕ್ಕದ ತಂತಿಯೊಂದು ದೋಣಿಯ ಅಂಚಿಗೆ ಸಿಕ್ಕಿಕೊಂಡಿತು. ನಮ್ಮ ವೆಲ್ಡರ್ ಅದಕ್ಕೆ ಕೈ ಹಾಕಲು ಹೋದ. ಮೇಸ್ತ್ರಿ, "ಏಯ್, ಬಿಡ್ಲಾ," ಎಂದು ಕೂಗಿದ. ನಾನು ಬಿಟ್ಟೆ.

ಅವನು ಹೇಳಿದ್ದು ವೆಲ್ಡರಿಗೆ, ತಂತಿಯ ತಂಟೆಗೆ ಹೋಗಬೇಡ ಎಂದು. ಆದರೆ ಹೆಸರು ಹಿಡಿದು ಕೂಗಿರಲಿಲ್ಲ. ಹಗ್ಗ ಹಿಡಿದು ನಿಂತವನಿಗೆ 'ಬಿಡು' ಎಂದರೆ ಬೇರೆ ಅರ್ಥ ಎಲ್ಲಿಂದ ಬರಬೇಕು? ಕಂಬ ನೇರ ಅವನ ಭುಜದ ಮೇಲೆ ಬಿತ್ತು.

ಆಸ್ಪತ್ರೆಗೆ ಬಂದ ಮಾಲೀಕರ ಮುಂದೆ ಅವನು ಹೇಳಿದ್ದು ಇಷ್ಟು: "ನಾನು ಆ ಮಾತೇ ಆಡಿಲ್ಲ ಸಾರ್. ಅವನ ಕೈಯೇ ಸಡ್ಲ." ವೆಲ್ಡರ್ ತನಗೇನೂ ಕೇಳಿಸಲಿಲ್ಲ ಎಂದ. ನನ್ನನ್ನು ಫೈಬರ್ ಉಜ್ಜುವ ಕಡೆಗೆ ಹಾಕಿದರು. ಆ ಪುಡಿ ಮೈಗೆ ಹತ್ತಿದರೆ ರಾತ್ರಿಯೆಲ್ಲ ತುರಿಕೆ. ಅದನ್ನಾದರೂ ತಡೆದುಕೊಂಡೆ. ಆದರೆ ಅವನೂ ನಾನೂ ಒಂದೇ ಊರಿನವರು, ತೂಬಗೆರೆಯವರು. ಬಸ್ಸಿನಲ್ಲಿ, ಹಾಲಿನ ಡೈರಿಯ ಮುಂದೆ, ಎಲ್ಲ ಕಡೆ ನನಗೆ 'ಕೈ ಬಿಟ್ಟೋನು' ಎಂದು ಹೆಸರಿಟ್ಟ. ಹೆಣ್ಣು ನೋಡಲು ಹೋದರೆ ಹೆಣ್ಣಿನ ತಂದೆ, "ಕೈ ಬಿಟ್ಟೋನು ಅಂತಾರಲ್ಲಪ್ಪಾ, ಯಾರನ್ನ ಬಿಟ್ಟಿದ್ದೆ?" ಎಂದು ಕೇಳಿದರು. ಆ ಸಂಬಂಧ ಉಪ್ಪಿಟ್ಟು ಕಾಫಿಗೇ ಮುಗಿಯಿತು. ನನಗೆ ಬೇಕಾಗಿದ್ದದ್ದು ಒಂದೇ, 'ಹೌದು, ನಾನೇ ಅಂದೆ' ಎಂದು ಅವನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು.

ಒಪ್ಪಿಕೊಳ್ಳಲಿಲ್ಲ. ಆದರೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೆಲಸಕ್ಕೆ ಬಂದ ದಿನವೇ ಹೊಸ ಕಾನೂನು ತಂದ. "ಈ ಕಾಂಪೌಂಡಲ್ಲಿ 'ಬಿಡು' ಅನ್ನೋ ಮಾತು ಯಾವನ ಬಾಯಲ್ಲೂ ಬರಕೂಡ್ದು. ಸಡ್ಲ ಅನ್ನಿ, ನಿಲ್ಲು ಅನ್ನಿ." ಊಟದ ಹೊತ್ತಿನಲ್ಲಿ ಯಾರಾದರೂ "ಬಿಡು ಗುರು" ಎಂದರೂ ಉಗಿಯುತ್ತಿದ್ದ. ಹುಡುಗರು ಸಂಜೆ ಗೇಟಿನ ಹತ್ತಿರ, "ಲೋ, ಬಸ್ಸು ಸಡ್ಲ ಆಯ್ತು, ಓಡ್ರೋ," ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ: "ಆಡೇ ಇಲ್ಲ ಅಂದ್ರಲ್ಲ ಮೇಸ್ತ್ರಿ, ಆಡದೇ ಇರೋ ಮಾತನ್ನ ಯಾಕ್ ನಿಲ್ಲಿಸಿದ್ರಿ?"

ಅವನು ಮುದ್ದೆ ಮುರಿಯುತ್ತಿದ್ದ. ತಲೆ ಎತ್ತಲಿಲ್ಲ. "ಕೆಲ್ಸ ನೋಡ್ಲಾ," ಎಂದ.

ಆಮೇಲೆ ಭುಜದ ನೋವು ಹೆಚ್ಚಾಗಿ ಕಂಬದ ಹತ್ತಿರ ನಿಲ್ಲಲು ಆಗದಂತಾಯಿತು. ಹಗ್ಗದವರಿಗೆ ಕೂಗಿ ಹೇಳಲು ಒಬ್ಬ ಬೇಕಾಗಿತ್ತು. ಎಲ್ಲರೆದುರಿಗೆ ನನ್ನನ್ನು ಕರೆದ. "ಕೇಳುಸ್ಕೊಳಕ್ಕಂತೂ ಬರಲ್ಲ ಇವನಿಗೆ. ಕೂಗಕ್ಕಾದ್ರೂ ಬರ್ತದಾ ನೋಡಾಣ." ಮೈಯೆಲ್ಲ ಉರಿದುಹೋಯಿತು. ಆದರೂ ಪುಡಿಯ ತುರಿಕೆಗಿಂತ ಆ ಉರಿ ವಾಸಿ ಎಂದು ಹೋಗಿ ನಿಂತೆ. ಅಂದಿನಿಂದ ಎಷ್ಟು ಕಂಬ ಎದ್ದವೋ ಮಲಗಿದವೋ, ಹಗ್ಗಗಳೆಲ್ಲ ನನ್ನ ಬಾಯಿಯ ಮಾತಿಗೇ ಓಡಿದವು. ಒಬ್ಬರಿಗೂ ಪೆಟ್ಟಾಗಲಿಲ್ಲ. ಅದಕ್ಕೂ ಅವನು ಒಂದು ಒಳ್ಳೆಯ ಮಾತು ಆಡಿದವನಲ್ಲ.

ಹೋದ ವರ್ಷ ಎದೆನೋವು ಬಂದು ತೀರಿಕೊಂಡ. ಹೋಗದಿದ್ದರೆ ಅದಕ್ಕೂ 'ಕೈ ಬಿಟ್ಟ' ಎನ್ನುತ್ತಾರೆಂದು ಮಣ್ಣಿಗೆ ಹೋದೆ. ಅವನ ಹೊಲದ ಬದುವಿನ ಪಕ್ಕದಲ್ಲಿ ಗುಂಡಿ ತೆಗೆದಿದ್ದರು. ಆಳವಾಗಿತ್ತು, ಹಗ್ಗ ಹಾಕಿ ಇಳಿಸಬೇಕಾಗಿತ್ತು. ಹಗ್ಗ ಹಿಡಿದವರು ನಾಲ್ವರೂ ನಮ್ಮ ಶೆಡ್ಡಿನವರೇ. ನಾನು ದೂರದಲ್ಲಿ ಹುಣಸೆಮರದ ಕೆಳಗೆ ನಿಂತಿದ್ದೆ.

ಅವರ ಕಡೆಯ ಹಿರಿಯರೊಬ್ಬರು, "ಬಿಡ್ರಪ್ಪಾ," ಎಂದರು.

ನಾಲ್ವರೂ ಅಲುಗಲಿಲ್ಲ. ಹೆಣ ಗುಂಡಿಯ ಬಾಯಲ್ಲಿ ತೂಗುತ್ತಿತ್ತು.

"ಏನ್ರಪ್ಪಾ, ಬಿಡ್ರಿ ಅಂದ್ರೆ," ಎಂದು ಅವರು ಗದರಿದರು. ಯಾರೂ ಬಿಡಲಿಲ್ಲ. ನಾಲ್ವರೂ ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಆ ವೆಲ್ಡರೂ ಇದ್ದ.

ಮುಂದೆ ಹೋಗಿ ನಿಂತೆ. "ಸಡ್ಲ," ಎಂದೆ. ಹಗ್ಗ ಓಡಿತು. "ಸಡ್ಲ. ಇನ್ನೂ ಸಡ್ಲ." ಬಲಗಡೆ ಗುಂಡಿಯ ಮಣ್ಣು ಸ್ವಲ್ಪ ಚಾಚಿಕೊಂಡಿತ್ತು. "ನಿಲ್ಲು," ಎಂದೆ. ನಿಂತರು.

"ಬಲಗಡೆ ಮೆತ್ತಗೆ," ಎಂದೆ, "ಭುಜ ತಗಲೀತು ಅವ್ರಿಗೆ."

ಆ ಭುಜ ಇಳಿಸಿದ್ದು ನಾನಲ್ಲ ಎಂದು ಈಗಲೂ ಹೇಳುತ್ತೇನೆ. ಕೇಳಬೇಕಾದವನೇ ಇಲ್ಲ.